ಬೋರ್‌ವೆಲ್ ರಿಗ್‌ನಲ್ಲಿ ಸುರಕ್ಷತೆ ರೂಢಿಗೆ ಬರಬೇಕಾದರೆ: ಮಾಲೀಕರಿಗೂ ಡ್ರಿಲ್ಲರ್‌ಗಳಿಗೂ ಒಂದು ಮಾರ್ಗದರ್ಶಿ

"ಹೆಲ್ಮೆಟ್ ಕೊಡ್ಸಿದೀನಿ, ಯಾರೂ ಹಾಕ್ಕೊಳಲ್ಲ. ಏನ್ಮಾಡ್ಲಿ?" ಬೋರ್‌ವೆಲ್ ಲಾರಿ ಇಟ್ಟುಕೊಂಡವರು ಪದೇಪದೇ ಕೇಳುವ ಪ್ರಶ್ನೆ ಇದು. ಅದರ ಜೊತೆಗೇ ಬರುವ ಇನ್ನೊಂದು ಮಾತು: "ಒಬ್ಬನ ಕೈ ಸಿಕ್ಕಿಹಾಕ್ಕೊಂಡ ಮೇಲೆ ಎಲ್ಲರಿಗೂ ಬುದ್ಧಿ ಹೇಳಿದ್ವಿ. ಒಂದು ತಿಂಗಳು ಸರಿಯಾಗಿದ್ರು. ಆಮೇಲೆ ಮತ್ತೆ ಅದೇ."

ಎರಡಕ್ಕೂ ನನ್ನ ಉತ್ತರ ಒಂದೇ. ಒಂದು ರಿಗ್ ಎಷ್ಟು ಸುರಕ್ಷಿತ ಎಂದು ತಿಳಿಯಲು ಹೆಲ್ಮೆಟ್ ಎಣಿಸಬೇಡಿ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕ ಹೆಲ್ಪರ್ "ಸ್ಟಾಪ್" ಅಂದರೆ ಮಷಿನ್ ನಿಲ್ಲುತ್ತದೆಯೇ, ನಿಲ್ಲಿಸಿದ್ದಕ್ಕೆ ಅವನಿಗೆ ಬೈಗುಳ ಬೀಳುತ್ತದೆಯೇ, ಇಷ್ಟು ನೋಡಿ ಸಾಕು. ಮಷಿನ್ ನಿಲ್ಲುವ ರಿಗ್‌ನಲ್ಲಿ ಹೆಲ್ಮೆಟ್ ತಾನಾಗಿಯೇ ತಲೆಗೆ ಬರುತ್ತದೆ. ನಿಲ್ಲದ ರಿಗ್‌ನಲ್ಲಿ ಹೆಲ್ಮೆಟ್ ಹಾಕಿಕೊಂಡವನೂ ಗಾಯ ಮಾಡಿಕೊಳ್ಳುತ್ತಾನೆ. ಕೆಳಗಿನ ಹಂತಗಳೆಲ್ಲ ಆ ಒಂದು "ಸ್ಟಾಪ್" ಕೆಲಸ ಮಾಡುವಂತೆ ನೋಡಿಕೊಳ್ಳುವ ದಾರಿಗಳು.

ಇದನ್ನು ಬರೆದಿರುವುದು ನಮ್ಮ ಹಳ್ಳಿಗಳಲ್ಲಿ ಓಡಾಡುವ ಲಾರಿ ರಿಗ್‌ಗಳಿಗಾಗಿ. ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬರುವ ಗಾಡಿಗಳಿರಲಿ, ನಮ್ಮೂರಿನವೇ ಇರಲಿ, ಕೆಲಸದ ರೀತಿ ಒಂದೇ: ಡಿಟಿಎಚ್. ಅಂದರೆ ಹ್ಯಾಮರ್ ಗುಂಡಿಯ ತಳದಲ್ಲೇ ಇದ್ದು ಬಂಡೆಯನ್ನು ಕುಟ್ಟುತ್ತದೆ. ಕಂಪ್ರೆಸರ್ ಗಾಳಿ ಅದನ್ನು ನಡೆಸುತ್ತದೆ, ಪುಡಿಯಾದ ಕಲ್ಲನ್ನು ಮೇಲಕ್ಕೂ ತಳ್ಳುತ್ತದೆ.

ಮೊದಲು ಏನೇನು ಬೇಕು

ಗಲ್ಲದ ಪಟ್ಟಿ ಇರುವ ಹೆಲ್ಮೆಟ್, ಮುಂದೆ ಉಕ್ಕಿನ ಟೋಪಿ ಇರುವ ಶೂ, ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಪ್ಲಗ್, ಎನ್95 ಮಾಸ್ಕ್. ಜಾಕ್ ಕೆಳಗೆ ಇಡಲು ದಪ್ಪ ಮರದ ಹಲಗೆ, ಚಕ್ರಕ್ಕೆ ಅಡ್ಡ ಕೊಡುವ ದಿಮ್ಮಿ. ಜನರನ್ನು ದೂರ ಇಡಲು ಹಗ್ಗ ಮತ್ತು ಆರೆಂಟು ಗೂಟ. ಗಾಳಿ ಹೋಸ್‌ಗಳಿಗೆ ವಿಪ್ ಚೆಕ್ (ಹೋಸ್ ಕಳಚಿದರೆ ಬೀಸಿ ಹೊಡೆಯದಂತೆ ಹಿಡಿದಿಡುವ ಉಕ್ಕಿನ ಹಗ್ಗ). ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ರಾತ್ರಿಗೆ ಒಳ್ಳೆಯ ಲೈಟು. ಕೇಸಿಂಗ್ (ಗುಂಡಿಯ ಗೋಡೆ ಕುಸಿಯದಂತೆ ಇಳಿಸುವ ಪೈಪು) ಬಾಯಿ ಮುಚ್ಚಲು ಕ್ಯಾಪ್. ಮತ್ತೆ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್.

ಇದರಲ್ಲಿ ದುಬಾರಿ ಅನ್ನುವಂಥದ್ದು ಏನೂ ಇಲ್ಲ. ಒಂದು ಹ್ಯಾಮರ್ ಗುಂಡಿಯಲ್ಲಿ ಸಿಕ್ಕಿಕೊಂಡರೆ ಆಗುವ ನಷ್ಟದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

1. ದುಡ್ಡಿನ ಲೆಕ್ಕ ಸರಿಪಡಿಸಿ

ಇದು ಮಾಲೀಕರ ಕೆಲಸ. ಬೇರೆ ಯಾರಿಂದಲೂ ಆಗುವುದಿಲ್ಲ.

ಬೋರ್‌ವೆಲ್ ಧಂದೆ ನಡೆಯುವುದು ಅಡಿ ಲೆಕ್ಕದಲ್ಲಿ. ರೈತರು ಅಡಿಗೆ ಇಷ್ಟು ಅಂತ ಕೊಡುತ್ತಾರೆ. ಎಷ್ಟೋ ಕಡೆ ಡ್ರಿಲ್ಲರ್‌ಗೆ, ಹುಡುಗರಿಗೆ ಸಿಗುವ ಬಾಟಾ ಕೂಡ ಅಡಿ ಮೇಲೇ. ಹಾಗಿದ್ದಾಗ ಮಷಿನ್ ನಿಂತ ಪ್ರತಿ ನಿಮಿಷವೂ ಎಲ್ಲರ ಜೇಬಿನಿಂದ ಹೋದಂತೆ. ಹೋಸ್ ಸೋರುತ್ತಿದೆ ಅಂತ ಹೆಲ್ಪರ್ ಹೇಳಿದರೆ "ಸುಮ್ನೆ ಕೆಲ್ಸ ನೋಡೋ" ಅನ್ನುವುದು ಡ್ರಿಲ್ಲರ್ ಅಲ್ಲ, ಆ ಲೆಕ್ಕ.

ಆದ್ದರಿಂದ ಮೂರು ಬದಲಾವಣೆ ಮಾಡಿ. ಸುರಕ್ಷತೆಗಾಗಿ ಮಷಿನ್ ನಿಂತ ಹೊತ್ತಿಗೆ ಬಾಟಾ ಕಡಿಯುವುದಿಲ್ಲ ಎಂದು ಎಲ್ಲರ ಎದುರು ಹೇಳಿ, ಮೊದಲ ಸಲ ನಿಂತಾಗಲೇ ಹಾಗೆ ನಡೆದು ತೋರಿಸಿ. ಕೂಲಿಯ ದೊಡ್ಡ ಭಾಗ ದಿನಗೂಲಿಯಾಗಿರಲಿ, ಅಡಿ ಲೆಕ್ಕ ಅದರ ಮೇಲಿನ ಚಿಕ್ಕ ಭಾಗವಾಗಿರಲಿ. ಏಜೆಂಟ್ ಫೋನ್ ಮಾಡಿ "ಇನ್ನೂ ಮುಗಿಲಿಲ್ವಾ, ಮುಂದಿನ ಪಾಯಿಂಟ್‌ನವರು ಕಾಯ್ತಿದಾರೆ" ಅಂದರೆ ಆ ಫೋನು ಡ್ರಿಲ್ಲರ್‌ಗೆ ಹೋಗಬಾರದು, ನಿಮಗೆ ಬರಬೇಕು.

ಇಲ್ಲಿ ಜಾಸ್ತಿ ಜನ ಎಡವುವುದು ಬೋನಸ್ ವಿಷಯದಲ್ಲಿ. "ಆರು ತಿಂಗಳು ಒಂದೂ ಅಪಘಾತ ಆಗದಿದ್ರೆ ಇಷ್ಟು ಬೋನಸ್" ಅಂತ ಘೋಷಿಸುತ್ತಾರೆ. ಆಮೇಲೆ ಬೆರಳು ಜಜ್ಜಿಕೊಂಡ ಹುಡುಗ ಬಟ್ಟೆ ಸುತ್ತಿಕೊಂಡು ಸುಮ್ಮನಿರುತ್ತಾನೆ, ಜೊತೆಯವರೂ ಸುಮ್ಮನಿರಲು ಹೇಳುತ್ತಾರೆ. ಅಪಘಾತ ಕಡಿಮೆಯಾಗಲಿಲ್ಲ, ಸುದ್ದಿ ನಿಂತಿತು. ಕೊಡುವುದಿದ್ದರೆ ದೋಷ ಹುಡುಕಿ ಹೇಳಿದವರಿಗೆ ಕೊಡಿ.

2. "ಸ್ಟಾಪ್" ಯಾರು ಬೇಕಾದರೂ ಹೇಳಬಹುದು

ನಿಯಮ ಇಷ್ಟೇ: ತಂಡದ ಯಾರೇ ಆಗಲಿ ಸ್ಟಾಪ್ ಸನ್ನೆ ಮಾಡಿದರೆ ಡ್ರಿಲ್ಲರ್ ಮೊದಲು ನಿಲ್ಲಿಸುತ್ತಾನೆ, ಆಮೇಲೆ ಕೇಳುತ್ತಾನೆ. ಅಡುಗೆಯವನಾದರೂ ಸರಿ. ನೋಡುತ್ತ ನಿಂತ ಜಮೀನಿನ ಮಾಲೀಕರಾದರೂ ಸರಿ.

ಕಂಪ್ರೆಸರ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅದಕ್ಕೇ ಕೈ ಸನ್ನೆ ಬೇಕು. ಎರಡೂ ತೋಳು ತಲೆ ಮೇಲೆ ಎತ್ತಿ ಅಡ್ಡ ಹಿಡಿಯುವುದು ದೂರದಿಂದಲೂ ಕಾಣುತ್ತದೆ. ನಿಮ್ಮ ತಂಡಕ್ಕೆ ಬೇರೆ ಸನ್ನೆ ಒಗ್ಗಿದ್ದರೆ ಅದೇ ಇರಲಿ, ಆದರೆ ಒಂದೇ ಇರಲಿ. ತಮಿಳುನಾಡು, ಜಾರ್ಖಂಡ್, ಛತ್ತೀಸ್‌ಗಢ, ಒಡಿಶಾ ಕಡೆಯ ಹುಡುಗರು ಒಟ್ಟಿಗೆ ದುಡಿಯುವ ತಂಡದಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಸನ್ನೆ ಎಲ್ಲರಿಗೂ ಬರುತ್ತದೆ.

ಬಾಯಲ್ಲಿ ಹೇಳಿಬಿಟ್ಟರೆ ಆಗುವುದಿಲ್ಲ, ಅಭ್ಯಾಸ ಮಾಡಿಸಬೇಕು. ವಾರಕ್ಕೊಮ್ಮೆ, ಕೊರೆಯುವಾಗಲೇ, ಹೆಲ್ಪರ್ ಒಬ್ಬನಿಂದ ಸನ್ನೆ ಮಾಡಿಸಿ. ಮಷಿನ್ ನಿಲ್ಲಲಿ. "ಸರಿಯಾಗಿ ಮಾಡ್ದೆ" ಅಂದು ಮತ್ತೆ ಶುರು ಮಾಡಿ. ಎರಡು ನಿಮಿಷದ ಕೆಲಸ. ಹಾಗೆಯೇ ತುರ್ತು ನಿಲುಗಡೆ ಬಟನ್ ಎಲ್ಲಿದೆ ಎಂದು ಪ್ರತಿಯೊಬ್ಬರ ಕೈಯಲ್ಲೂ ಮುಟ್ಟಿಸಿ. ಆ ಬಟನ್ ಕೆಲಸ ಮಾಡದ ರಿಗ್‌ಗಳಿವೆ. ನಿಮ್ಮದು ಅಂಥದ್ದಾಗಿದ್ದರೆ ಇವತ್ತೇ ರಿಪೇರಿ ಮಾಡಿಸಿ, ಈ ಲೇಖನದ ಉಳಿದದ್ದು ಆಮೇಲೆ ಓದಬಹುದು.

ಎಚ್ಚರಿಕೆ: ಹುಡುಗ ನಿಲ್ಲಿಸಿದ, ನೋಡಿದರೆ ಏನೂ ಆಗಿರಲಿಲ್ಲ ಅಂದುಕೊಳ್ಳಿ. ಆಗ ಡ್ರಿಲ್ಲರ್ ನಕ್ಕರೂ ಸಾಕು, ಆ ಹುಡುಗ ಮುಂದೆ ಯಾವತ್ತೂ ಕೈ ಎತ್ತುವುದಿಲ್ಲ. ಡ್ರಿಲ್ಲರ್‌ಗೆ ಇದನ್ನು ಒಬ್ಬನೇ ಇದ್ದಾಗ ಕೂರಿಸಿಕೊಂಡು ತಿಳಿಸಿ ಹೇಳಿ.

3. ಲಾರಿ ನಿಲ್ಲಿಸುವ ಮೊದಲು ಮೇಲೆ ನೋಡಿ, ಕೆಳಗೆ ನೋಡಿ

ನೀರು ನೋಡುವವರು ಪಾಯಿಂಟ್ ಗುರುತು ಮಾಡುವಾಗ ನೆಲದ ಮೇಲೆ ತೆಂಗಿನಕಾಯಿ ಇಡುತ್ತಾರೆ, ಕಲ್ಲು ಇಡುತ್ತಾರೆ. ಮೇಲೆ ಹೋಗಿರುವ ವಿದ್ಯುತ್ ತಂತಿ ಅವರ ಲೆಕ್ಕದಲ್ಲಿ ಇರುವುದಿಲ್ಲ. ಅದನ್ನು ನೋಡಬೇಕಾದವರು ನೀವು.

ಹೊಲದ ಮೇಲೆ ಹಾದುಹೋಗುವ ಲೈನು ಸಾಮಾನ್ಯವಾಗಿ 11 ಕೆವಿ, ಅಂದರೆ 11,000 ವೋಲ್ಟ್. ಮಾಸ್ಟ್ (ರಾಡ್ ಹಿಡಿದು ನಿಲ್ಲುವ ಎತ್ತರದ ಉಕ್ಕಿನ ಚೌಕಟ್ಟು) ಅದಕ್ಕೆ ತಾಗಲೇಬೇಕು ಅಂತಿಲ್ಲ. ತೀರ ಹತ್ತಿರ ಹೋದರೂ ಕರೆಂಟ್ ಹಾರಿ ಬರುತ್ತದೆ. 50 ಕೆವಿ ತನಕದ ಲೈನಿನಿಂದ ಕ್ರೇನ್‌ಗಳು ಕನಿಷ್ಠ 10 ಅಡಿ ದೂರ ಇರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ರಿಗ್‌ಗೆ ನಾನು ಇನ್ನೂ ಬಿಗಿಯಾದ ಲೆಕ್ಕ ಹೇಳುತ್ತೇನೆ: ಮಾಸ್ಟ್ ಯಾವ ಕಡೆ ವಾಲಿದರೂ ತಂತಿಗೆ ತಾಗಬಾರದು, ಅದರ ಮೇಲೆ ಇನ್ನೂ 10 ಅಡಿ ಬಿಡಬೇಕು. ಪಾಯಿಂಟ್ ಅದರೊಳಗೆ ಬಂದರೆ ಪಾಯಿಂಟ್ ಬದಲಿಸಿ. ಆಗುವುದಿಲ್ಲ ಅಂದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ, ಲೈನ್‌ಮನ್ ಸ್ಥಳಕ್ಕೆ ಬಂದು ಹೇಳುವವರೆಗೆ ಮಾಸ್ಟ್ ಎತ್ತಬೇಡಿ.

"ಈಗ ಕರೆಂಟ್ ಇಲ್ಲ ಬಿಡಿ, ತ್ರೀ ಫೇಸ್ ರಾತ್ರಿ ಬರೋದು" ಅಂತ ಹೊಲದವರು ಹೇಳುತ್ತಾರೆ. ಈ ಮಾತು ನಂಬಬೇಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಇಲ್ಲದ ಹೊತ್ತಿನಲ್ಲೂ 11 ಕೆವಿ ಲೈನಿನಲ್ಲಿ ವಿದ್ಯುತ್ ಇರಬಹುದು.

ತಾಗಿಯೇ ಬಿಟ್ಟರೆ? ಕ್ಯಾಬಿನ್ ಒಳಗಿದ್ದವರು ಅಲ್ಲೇ ಇರಬೇಕು. ಕೆಳಗಿದ್ದವರು ಲಾರಿ ಮುಟ್ಟದೆ ದೂರ ಹೋಗಬೇಕು. 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿ. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಮೆಟ್ಟಿಲು ಹಿಡಿದು ಇಳಿಯಬಾರದು. ಲಾರಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಜಿಗಿಯಬೇಕು. ಆಮೇಲೂ ದೊಡ್ಡ ಹೆಜ್ಜೆ ಇಡದೆ, ಪಾದ ಪಾದಕ್ಕೆ ತಾಗಿಸಿಕೊಂಡು ಜರುಗುತ್ತ ದೂರ ಹೋಗಬೇಕು. ನೆಲದಲ್ಲೇ ವಿದ್ಯುತ್ ಹರಡಿರುತ್ತದೆ, ಕಾಲಗಲಿಸಿದರೆ ಒಂದು ಕಾಲಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಲೈನ್ ಟ್ರಿಪ್ ಆಗಿ ಮತ್ತೆ ತಾನಾಗಿಯೇ ಬರುವುದೂ ಉಂಟು, ಆದ್ದರಿಂದ ಕಿಡಿ ನಿಂತಿತು ಅಂತ ಹತ್ತಿರ ಹೋಗಬೇಡಿ.

ಇನ್ನು ನೆಲ. ಕೆರೆ ಅಂಗಳ, ಎರೆಮಣ್ಣು, ಹೊಸದಾಗಿ ಮಣ್ಣು ತುಂಬಿದ ಸೈಟು, ಮುಚ್ಚಿದ ಹಳೇ ಬಾವಿ, ಮನೆ ಹಿತ್ತಲಿನ ಪಿಟ್ಟು: ಇವೆಲ್ಲ ಜಾಕ್‌ನ ಭಾರಕ್ಕೆ ಕುಸಿಯುತ್ತವೆ. ಊರಿನವರನ್ನು ಕೇಳಿ. ಜಾಕ್ ಕೆಳಗೆ ಹಲಗೆ ಹಾಕಿ. ಮೊದಲು ಜಾಕ್ ಊರಿ ಲಾರಿ ಮಟ್ಟ ಮಾಡಿ, ಆಮೇಲೆ ಮಾಸ್ಟ್ ಎತ್ತಿ. ಹೊರಡುವಾಗ ಇದರ ಉಲ್ಟಾ: ಮಾಸ್ಟ್ ಪೂರ್ತಿ ಮಲಗಿದ ಮೇಲೇ ಜಾಕ್ ಎತ್ತಿ. ಪಾಯಿಂಟ್ ನಾಲ್ಕು ಅಡಿ ಆಚೆ ಅಂತ ಮಾಸ್ಟ್ ನಿಲ್ಲಿಸಿಕೊಂಡೇ ಲಾರಿ ಸರಿಸುವವರಿದ್ದಾರೆ. ಆ ನಾಲ್ಕು ಅಡಿಯಲ್ಲೇ ಗಾಡಿ ಮಗುಚುತ್ತದೆ.

4. ಶುರು ಮಾಡುವ ಮೊದಲು ಐದು ನಿಮಿಷ

ದೊಡ್ಡ ಕಂಪನಿಗಳಲ್ಲಿ ಇದನ್ನು ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ. ಕೆಲಸದ ಜಾಗದಲ್ಲೇ ನಿಂತು ಆಡುವ ಚಿಕ್ಕ ಮಾತುಕತೆ. ಭಾಷಣ ಬೇಡ. ಮೂರು ಪ್ರಶ್ನೆ ಸಾಕು: ಇವತ್ತು ಈ ಜಾಗದಲ್ಲಿ ಯಾವುದರಿಂದ ಜೀವಕ್ಕೆ ಅಪಾಯ? ಯಾರು ಎಲ್ಲಿ ನಿಲ್ಲುತ್ತೀರಿ? ಗಾಯವಾದರೆ ಯಾವ ಆಸ್ಪತ್ರೆ, ಯಾವ ಗಾಡಿ?

ಪ್ರಶ್ನೆ ಕೇಳಿ ಡ್ರಿಲ್ಲರೇ ಉತ್ತರ ಹೇಳಬಾರದು. ಹುಡುಗರು ಹೇಳಲಿ. ಕೊನೆಯಲ್ಲಿ ಸಪೋರ್ಟ್ ಲಾರಿಯನ್ನು (ರಿಗ್ ಜೊತೆ ಸಾಮಾನು ಹೊತ್ತು ಬರುವ ಇನ್ನೊಂದು ಲಾರಿ) ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿ. 108 ಬರಲು ತಡವಾದರೆ ಅದೇ ನಿಮ್ಮ ಆಂಬುಲೆನ್ಸ್.

ಹಗಲು ರಾತ್ರಿ ಎರಡು ತಂಡ ದುಡಿಯುವ ಕಡೆ ಪಾಳಿ ಬದಲಾಗುವಾಗ ಈ ಮಾತುಕತೆ ಇನ್ನೂ ಮುಖ್ಯ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಸ್ಫೋಟಗೊಂಡು 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವನ್ನು ಹಗಲು ಪಾಳಿಯಲ್ಲಿ ರಿಪೇರಿಗೆ ಬಿಚ್ಚಿದ್ದರು. ಆ ಸುದ್ದಿ ರಾತ್ರಿ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಪಂಪ್ ಚಾಲೂ ಮಾಡಿದರು. ನಿಮ್ಮ ರಿಗ್‌ನಲ್ಲೂ ಅರ್ಧ ಬಿಚ್ಚಿದ ಹೋಸ್, ಸಡಿಲ ಬೋಲ್ಟ್, ಗೇಜ್ ಕೆಟ್ಟ ಕಂಪ್ರೆಸರ್ ಇದ್ದರೆ ಅದನ್ನು ನೋಟ್‌ಬುಕ್‌ನಲ್ಲಿ ಬರೆದು, ಬಾಯಲ್ಲೂ ಹೇಳಿ, ತೋರಿಸಿಯೇ ಇಳಿಯಬೇಕು.

5. ಕೈಕಾಲು, ಜೀವ ತೆಗೆಯುವ ನಾಲ್ಕು ಕೆಲಸ

ಎಲ್ಲ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಹುಡುಗರಿಗೆ ಯಾವುದೂ ನೆನಪಿರುವುದಿಲ್ಲ. ಈ ನಾಲ್ಕರ ಮೇಲೆ ಗಮನ ಇಡಿ.

ತಿರುಗುವ ರಾಡ್. ಟವೆಲ್ ಹೆಗಲ ಮೇಲೆ, ಲುಂಗಿ, ಸಡಿಲ ಅಂಗಿ, ಕೊರಳ ದಾರ, ದೊಗಳೆ ಗ್ಲೌಸ್: ಇವುಗಳಲ್ಲಿ ಯಾವುದಾದರೂ ಒಂದು ರಾಡ್‌ಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ರಾಡ್ ತಿರುಗುವಾಗ ಮುಟ್ಟಬಾರದು, ಗ್ರೀಸ್ ಹಚ್ಚಬಾರದು, ಒರೆಸಬಾರದು. ರಾಡ್ ಜೋಡಿಸುವಾಗ, ಬಿಚ್ಚುವಾಗ ಹೆಲ್ಪರ್ ಕೈ ತೆಗೆದು ಹಿಂದೆ ಸರಿದು ಸನ್ನೆ ಕೊಟ್ಟ ಮೇಲೇ ಡ್ರಿಲ್ಲರ್ ಲಿವರ್ ಮುಟ್ಟಬೇಕು. ಬೆರಳು ಹೋಗುವುದು ಹೆಚ್ಚಾಗಿ ಇಲ್ಲೇ, ಸ್ಪ್ಯಾನರ್ (ಪಾನಾ) ಇನ್ನೂ ರಾಡ್ ಮೇಲೆ ಇರುವಾಗ ಡ್ರಿಲ್ಲರ್ ಅಭ್ಯಾಸಬಲದಿಂದ ತಿರುಗಿಸಿಬಿಡುವುದರಿಂದ. ಇಬ್ಬರೂ ಎಷ್ಟೇ ಹಳಬರಾಗಿದ್ದರೂ ಸನ್ನೆ ಬಿಡಬಾರದು. ಹಳಬರೇ ಜಾಸ್ತಿ ಬಿಡುತ್ತಾರೆ.

ಗಾಳಿ. ಈಗಿನ ರಿಗ್‌ಗಳಲ್ಲಿ ಗಾಳಿಯ ಒತ್ತಡ 300 ಪಿಎಸ್‌ಐ, ಅದಕ್ಕಿಂತ ಜಾಸ್ತಿಯೂ ಇರುತ್ತದೆ. ಲಾರಿ ಟೈರಿನಲ್ಲಿ ಇರುವುದು 110ರ ಆಸುಪಾಸು. ಇಂಥ ಹೋಸ್ ಕಳಚಿದರೆ ಉಕ್ಕಿನ ಕಪ್ಲಿಂಗ್ ಸಮೇತ ಬೀಸಿ ಹೊಡೆಯುತ್ತದೆ. ಪ್ರತಿ ಜೋಡಣೆಗೂ ವಿಪ್ ಚೆಕ್ ಹಾಕಿ. ಬಿಚ್ಚುವ ಮೊದಲು ಒಳಗಿನ ಗಾಳಿ ಪೂರ್ತಿ ಬಿಟ್ಟು, ಗೇಜ್ ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿ. ಸೇಫ್ಟಿ ವಾಲ್ವ್ ಪದೇಪದೇ ಹಾರುತ್ತದೆ ಅಂತ ಅದನ್ನು ಬಿಗಿದು ಕಟ್ಟುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅದು ಹಾರುತ್ತಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ.

ಸಂಜೆ ಕೆಲಸ ಮುಗಿದ ಮೇಲೆ ಮೈಮೇಲಿನ ಧೂಳು ಹಾರಿಸಲು ಹೋಸ್ ಹಿಡಿದುಕೊಳ್ಳುವುದು, ತಮಾಷೆಗೆ ಒಬ್ಬರ ಮೇಲೊಬ್ಬರು ಗಾಳಿ ಬಿಡುವುದು ಎಷ್ಟೋ ರಿಗ್‌ಗಳಲ್ಲಿ ಇದೆ. ಒತ್ತಡದ ಗಾಳಿ ಗಾಯದ ಮೂಲಕ, ದೇಹದ ದ್ವಾರಗಳ ಮೂಲಕ ಒಳಗೆ ನುಗ್ಗಿದರೆ ಕರುಳು ಹರಿಯುತ್ತದೆ. ರಕ್ತಕ್ಕೆ ಸೇರಿದರೆ ಪ್ರಾಣವೇ ಹೋಗುತ್ತದೆ. ಇದಕ್ಕೆ ಮಾತ್ರ ಯಾವ ರಿಯಾಯಿತಿಯೂ ಬೇಡ, ಪೂರ್ತಿ ನಿಲ್ಲಿಸಿ.

ಹೈಡ್ರಾಲಿಕ್ ಎಣ್ಣೆ. ಜಾಕ್, ಮಾಸ್ಟ್, ರಾಡ್ ತಿರುಗಿಸುವ ಮೋಟರ್ ಇವೆಲ್ಲ ಎಣ್ಣೆಯ ಒತ್ತಡದಿಂದ ನಡೆಯುತ್ತವೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ. ಎಲ್ಲಿ ಸೋರುತ್ತಿದೆ ಅಂತ ಕೈ ಸವರಿ ನೋಡಲೇಬಾರದು. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ ಗಾಯ ಮೊದಲಿಗೆ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಇರುವುದಿಲ್ಲ. ಹಾಗಂತ ಬಿಟ್ಟರೆ ಕೈಯನ್ನೇ ಕಳೆದುಕೊಳ್ಳಬಹುದು. ಕೂಡಲೇ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಿ.

ಮೇಲೆ ಎತ್ತಿದ ಭಾರ. ರಾಡ್, ಕೇಸಿಂಗ್ ತೂಗುತ್ತಿರುವಾಗ ಕೆಳಗೆ ಯಾರೂ ಇರಬಾರದು. ಉಕ್ಕಿನ ಹಗ್ಗದಲ್ಲಿ ಎಳೆ ಕಿತ್ತು ಮುಳ್ಳಿನಂತೆ ಎದ್ದಿದ್ದರೆ, ಹಿಸುಕಿ ಚಪ್ಪಟೆಯಾಗಿದ್ದರೆ ಬದಲಿಸಿ. ಕೊಕ್ಕೆಗೆ ನಾಲಿಗೆ (ಹಗ್ಗ ಜಾರದಂತೆ ತಡೆಯುವ ಪಟ್ಟಿ) ಇದೆಯೇ ನೋಡಿ.

6. ಧೂಳು, ಸದ್ದು

ಇವು ಇವತ್ತೇ ಕೊಲ್ಲುವುದಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ದಕ್ಷಿಣ ಕರ್ನಾಟಕದ ಗ್ರಾನೈಟ್, ನೈಸ್ ಬಂಡೆಗಳಲ್ಲಿ ಬೆಣಚು ಇದೆ. ಬಿಟ್ (ಹ್ಯಾಮರ್ ತುದಿಯಲ್ಲಿ ಕಲ್ಲು ಒಡೆಯುವ ಭಾಗ) ಅದನ್ನು ಪುಡಿ ಮಾಡಿದಾಗ ಬರುವ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಅದರಿಂದ ಬರುವ ರೋಗ ಸಿಲಿಕೋಸಿಸ್. ವಾಸಿ ಮಾಡುವ ಔಷಧ ಇಲ್ಲ. ಇದು ಬಂದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1930ರ ದಶಕದಲ್ಲೇ ಈ ರೋಗವನ್ನು ಗುರುತಿಸಿದ್ದರು. ದೇಶದ ಮೊದಲ ವರದಿಗಳು ಬಂದದ್ದು ಅಲ್ಲಿಂದಲೇ. ಗಣಿ 2001ರಲ್ಲಿ ಮುಚ್ಚಿತು, ಧೂಳು ಕುಡಿದ ಮನೆಗಳಿಗೆ ಈ ರೋಗದ ಹೆಸರು ಇವತ್ತಿಗೂ ಹೊಸದಲ್ಲ. ಬೆಣಚಿನ ಧೂಳು ಕ್ಯಾನ್ಸರ್‌ಗೂ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಬೆಣಚು ಕಡಿಮೆ. ಆದರೆ ನಿಮ್ಮ ಲಾರಿ ಒಂದೇ ಜಿಲ್ಲೆಯಲ್ಲಿ ನಿಲ್ಲುವುದಿಲ್ಲವಲ್ಲ.

ನೀರು ಸಿಗುವವರೆಗಿನ ಒಣ ಅಡಿಗಳಲ್ಲೇ ಧೂಳು ಜಾಸ್ತಿ. ಆಗ ಗಾಳಿಯ ಜೊತೆ ಸ್ವಲ್ಪ ನೀರು ಬಿಡಿ. ಬಹಳಷ್ಟು ರಿಗ್‌ಗಳಲ್ಲಿ ಇದಕ್ಕೆ ಪಂಪ್ ಇರುತ್ತದೆ, ಕೆಟ್ಟಿದೆ ಅಂತ ಬಿಟ್ಟಿರುತ್ತಾರೆ. ಲಾರಿ ನಿಲ್ಲಿಸುವಾಗಲೇ ಗಾಳಿಯ ದಿಕ್ಕು ನೋಡಿ, ಧೂಳು ಹುಡುಗರ ಕಡೆಗೆ ಬಾರದಂತೆ ನಿಲ್ಲಿಸಿ. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ, ಎನ್95 ಬೇಕು. ವರ್ಷಕ್ಕೊಮ್ಮೆ ಎದೆ ಎಕ್ಸ್‌ರೇ ಮಾಡಿಸಿ, ಮಾಡಿಸುವಾಗ "ಬೋರ್ ಕೊರೆಯುವ ಕೆಲಸ" ಅಂತ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಬರೀ ಕ್ಷಯ ಅಂದುಕೊಂಡು ಮಾತ್ರೆ ಕೊಟ್ಟುಬಿಡಬಹುದು.

ಸದ್ದಿಗೆ ಸುಲಭ ಪರೀಕ್ಷೆ ಇದೆ. ಮೂರು ಅಡಿ ದೂರದಲ್ಲಿ ನಿಂತವನ ಜೊತೆ ಗಂಟಲೇರಿಸಿ ಮಾತಾಡಬೇಕಾದರೆ ಸದ್ದು ಕಿವಿ ಕೆಡಿಸುವ ಮಟ್ಟದಲ್ಲಿದೆ ಎಂದರ್ಥ. ಇಯರ್ ಪ್ಲಗ್ ಹಾಕಿಸಿ.

7. ಜನರನ್ನು ದೂರ ಇಡಿ, ಗುಂಡಿ ಮುಚ್ಚಿ

ಊರಲ್ಲಿ ಬೋರ್ ಕೊರೆಯುತ್ತಿದ್ದಾರೆ ಅಂದರೆ ಅರ್ಧ ಊರೇ ಸೇರುತ್ತದೆ. ಪೂಜೆ, ಕಾಯಿ, ಮಕ್ಕಳು, ಮೊಬೈಲ್. ನೀರು ಚಿಮ್ಮಿದ ಕೂಡಲೇ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ಸಾಲ ಮಾಡಿ ಬೋರ್ ಹಾಕಿಸುವ ಮನೆಯವರ ಆ ಖುಷಿ ದೊಡ್ಡದು, ಅವರನ್ನು ಗದರಬೇಡಿ. ಪೂಜೆ ಮುಗಿದ ಮೇಲೆ, ಮಷಿನ್ ಶುರುವಾಗುವ ಮೊದಲು ಮಾಸ್ಟ್ ಎತ್ತರದಷ್ಟು ದೂರದಲ್ಲಿ ಸುತ್ತ ಹಗ್ಗ ಕಟ್ಟಿ. ಮನೆಯ ಹಿರಿಯರೊಬ್ಬರನ್ನು ಕರೆದು "ಯಜಮಾನ್ರೇ, ಮಕ್ಕಳನ್ನ ಈ ಹಗ್ಗದಾಚೆ ನೀವೇ ನೋಡ್ಕೋಬೇಕು" ಅನ್ನಿ. ಹೆಲ್ಪರ್ ಹೇಳಿದರೆ ಕೇಳದ ಜನ ಅವರು ಹೇಳಿದರೆ ಕೇಳುತ್ತಾರೆ.

ಊಟಕ್ಕೆ ಹೋಗುವಾಗಲೂ ಗುಂಡಿಯ ಬಾಯಿ ತೆರೆದಿಡಬೇಡಿ. ನೀರು ಬಾರದ ಬೋರ್‌ನದು ಇನ್ನೂ ದೊಡ್ಡ ಸಮಸ್ಯೆ. ಮನೆಯವರು ಬೇಸರದಲ್ಲಿರುತ್ತಾರೆ, ಕೇಸಿಂಗ್ ಮತ್ತೆ ಬಳಸಬಹುದು ಅಂತ ಕಿತ್ತುಕೊಳ್ಳುತ್ತಾರೆ, ಲಾರಿ ಹೊರಟುಹೋಗುತ್ತದೆ, ಬಾಯಿ ತೆರೆದ ಗುಂಡಿ ಉಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ಎತ್ತಿದರು. 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಬಿದ್ದ ಹುಡುಗಿ ಬದುಕಿ ಬರಲಿಲ್ಲ.

ಸುಪ್ರೀಂ ಕೋರ್ಟ್ 2010ರಲ್ಲೇ ಇದಕ್ಕೆ ನಿಯಮ ಕೊಟ್ಟಿದೆ. ಕೊರೆಯುವ 15 ದಿನ ಮೊದಲು ಜಮೀನಿನವರು ಸ್ಥಳೀಯ ಅಧಿಕಾರಿಗಳಿಗೆ ಬರಹದಲ್ಲಿ ತಿಳಿಸಬೇಕು. ಕೊರೆಯುವ ಏಜೆನ್ಸಿ ನೋಂದಣಿ ಆಗಿರಬೇಕು. ಕೆಲಸದ ಜಾಗದಲ್ಲಿ ಫಲಕ, ಸುತ್ತ ಬೇಲಿ ಇರಬೇಕು. ಕೇಸಿಂಗ್ ಸುತ್ತ ನೆಲದ ಮೇಲೆ 30 ಸೆಂಟಿಮೀಟರ್, ಕೆಳಗೆ 30 ಸೆಂಟಿಮೀಟರ್ ಬರುವಂತೆ ಸಿಮೆಂಟ್ ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಟ್ಟೆ ವೆಲ್ಡ್ ಮಾಡಬೇಕು ಅಥವಾ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ ಹಾಕಬೇಕು. ಬಿಟ್ಟ ಬೋರನ್ನು ತಳದಿಂದ ನೆಲದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಗೋಣಿಚೀಲ, ಚಪ್ಪಡಿ ಕಲ್ಲು, ಮುಳ್ಳುಕೊಂಬೆ ಮುಚ್ಚಳವಲ್ಲ.

ನಿಮ್ಮ ರಿಗ್‌ಗೆ ಒಂದು ಕಟ್ಟುನಿಟ್ಟು ಇರಲಿ: ಬಾಯಿ ಮುಚ್ಚಿದ ಫೋಟೋ ಮಾಲೀಕರ ಫೋನಿಗೆ ಹೋಗುವವರೆಗೆ ಲಾರಿ ಜಾಗ ಬಿಡುವಂತಿಲ್ಲ.

8. ನಿದ್ದೆ

ರಾತ್ರಿಯೆಲ್ಲ ಕೊರೆದು ಬೆಳಗ್ಗೆ ಅದೇ ಡ್ರೈವರ್ ಮುಂದಿನ ಊರಿಗೆ ಲಾರಿ ಓಡಿಸುವುದು ನಿಲ್ಲಬೇಕು. ಲಾರಿ ಕೆಳಗೆ ಮಲಗುವುದೂ ನಿಲ್ಲಬೇಕು. ನೆರಳಿದೆ, ತಂಪಿದೆ, ಹುಡುಗರು ಮಲಗಿಬಿಡುತ್ತಾರೆ, ಗೊತ್ತಿಲ್ಲದೆ ಯಾರೋ ಗಾಡಿ ಹಿಂದೆ ತೆಗೆಯುತ್ತಾರೆ. ಒಂದು ಟಾರ್ಪಾಲ್, ನಾಲ್ಕು ಗೂಟ ಕೊಟ್ಟು ದೂರದಲ್ಲಿ ಮಲಗುವ ಜಾಗ ಮಾಡಿಕೊಡಿ. ಲಾರಿ ತೆಗೆಯುವ ಮೊದಲು ಡ್ರೈವರ್ ಇಳಿದು ಸುತ್ತ ಒಂದು ಸುತ್ತು ಬರಬೇಕು, ತಲೆ ಎಣಿಸಬೇಕು.

9. ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆದಿಡಿ

ಸ್ಪ್ಯಾನರ್ ಮೇಲಿಂದ ಬಿತ್ತು, ಯಾರಿಗೂ ತಾಗಲಿಲ್ಲ. ರಾಡ್ ಜಾರಿತು, ಹುಡುಗ ಪಕ್ಕಕ್ಕೆ ಹಾರಿದ. ಇವನ್ನು ನಿಯರ್ ಮಿಸ್ ಅನ್ನುತ್ತಾರೆ. ಕೆಟ್ಟದ್ದು ಆಗುವ ಮೊದಲೇ ಸಿಕ್ಕ ಸುಳಿವು ಇವು. ಸಾಮಾನ್ಯವಾಗಿ ಏನಾಗುತ್ತದೆ? "ದೇವ್ರು ದೊಡ್ಡೋನು" ಅಂದು ಮುಂದೆ ಹೋಗುತ್ತಾರೆ. ದೇವರಿಗೆ ಕೈ ಮುಗಿಯಿರಿ, ಆಮೇಲೆ ನೋಟ್‌ಬುಕ್ ತೆಗೆಯಿರಿ. ಏನಾಯಿತು, ಯಾಕೆ, ನಾಳೆಯಿಂದ ಏನು ಬದಲಾವಣೆ, ಮೂರು ಸಾಲು ಸಾಕು. ಬರೆಯಲು ಬಾರದವರು ವಾಯ್ಸ್ ಮೆಸೇಜ್ ಕಳಿಸಲಿ.

ಗಾಯ ಆಗಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹರೈಸನ್ ತೈಲ ರಿಗ್ ಸ್ಫೋಟಗೊಂಡು 11 ಜನ ಸತ್ತರು. ಅದೇ ದಿನ ಕಂಪನಿಯ ಹಿರಿಯ ಅಧಿಕಾರಿಗಳು ಆ ರಿಗ್‌ಗೆ ಬಂದಿದ್ದರು. ಏಳು ವರ್ಷ ಕೆಲಸ ತಪ್ಪಿಸುವಂಥ ಗಾಯ ಯಾರಿಗೂ ಆಗಿಲ್ಲ ಎಂದು ಮೆಚ್ಚುವುದೂ ಆ ಭೇಟಿಯ ಉದ್ದೇಶವಾಗಿತ್ತು. ಬಾವಿಯೊಳಗೆ ಒತ್ತಡ ಇರುವುದನ್ನು ಗೇಜ್ ತೋರಿಸಿತ್ತು. ಅದಕ್ಕೊಂದು ಕಾರಣ ಹೇಳಿಕೊಂಡು ಕೆಲಸ ಮುಂದುವರಿಸಿದ್ದರು.

ಬರೆದಿಟ್ಟದ್ದನ್ನು ಓದುವಾಗ "ಯಾರು ತಪ್ಪು ಮಾಡಿದ್ದು?" ಅಂತ ಶುರು ಮಾಡಬೇಡಿ. ಆ ಪ್ರಶ್ನೆ ಕೇಳಿದ ದಿನವೇ ನೋಟ್‌ಬುಕ್ ಖಾಲಿಯಾಗುತ್ತದೆ. "ಆ ಹೊತ್ತಿಗೆ ಹಾಗೆ ಮಾಡೋದೇ ಸರಿ ಅಂತ ಯಾಕೆ ಅನಿಸ್ತು?" ಅಂತ ಕೇಳಿ. ಉತ್ತರ ಹೆಚ್ಚಾಗಿ ಉಪಕರಣದಲ್ಲಿ, ಅವಸರದಲ್ಲಿ, ನಿದ್ದೆಗೆಟ್ಟಿದ್ದರಲ್ಲಿ ಸಿಗುತ್ತದೆ. ಹೇಳಿದ ದೋಷವನ್ನು ವಾರದೊಳಗೆ ಸರಿಪಡಿಸಿ. ಮೂರು ಸಲ ಹೇಳಿಯೂ ಏನೂ ಆಗದಿದ್ದರೆ ನಾಲ್ಕನೇ ಸಲ ಯಾರೂ ಹೇಳುವುದಿಲ್ಲ. ಗೊತ್ತಿದ್ದೂ ಬೇಕಂತಲೇ ಪದೇಪದೇ ನಿಯಮ ಮುರಿಯುವವನ ವಿಷಯ ಬೇರೆ, ಅವನನ್ನು ಮಷಿನ್‌ನಿಂದ ದೂರ ಇಡಿ.

ಎಲ್ಲಿಂದ ಶುರು ಮಾಡುವುದು

ಒಂಬತ್ತನ್ನೂ ಒಂದೇ ದಿನ ಶುರು ಮಾಡಬೇಡಿ, ಯಾವುದೂ ನಿಲ್ಲುವುದಿಲ್ಲ. ಮೊದಲ ವಾರ ಒಂದು ಮತ್ತು ಎರಡನೇ ಹಂತ ಮಾತ್ರ. ಹುಡುಗರಿಗೆ ಅದರಲ್ಲಿ ನಂಬಿಕೆ ಬಂದ ಮೇಲೆ ತಂತಿ ನೋಡುವುದು ಮತ್ತು ಐದು ನಿಮಿಷದ ಮಾತುಕತೆ. ಆಮೇಲೆ ಉಳಿದವು ಒಂದೊಂದಾಗಿ. ವಿಪ್ ಚೆಕ್, ಗುಂಡಿ ಮುಚ್ಚುವುದು, ಲಾರಿ ಕೆಳಗೆ ಮಲಗದಿರುವುದು, ಈ ಮೂರಕ್ಕೆ ಮಾತ್ರ ಕಾಯುವುದು ಬೇಡ, ಇವತ್ತಿನಿಂದಲೇ. ಮಾಲೀಕರು ಸೈಟಿಗೆ ಬಂದಾಗ ತಾವೂ ಹೆಲ್ಮೆಟ್ ಹಾಕಿಕೊಂಡೇ ಇಳಿಯಬೇಕು, ಮೊದಲು ಕೇಳುವ ಪ್ರಶ್ನೆ "ಎಷ್ಟು ಅಡಿ ಆಯ್ತು?" ಆಗಿರಬಾರದು.

ಪೊಂಗಲ್, ದೀಪಾವಳಿ, ಹೋಳಿ ಹೊತ್ತಿಗೆ ಹಳಬರು ಊರಿಗೆ ಹೋಗುತ್ತಾರೆ, ಬದಲಿಗೆ ಹೊಸಬರು ಬರುತ್ತಾರೆ. ಕಲಿಸಿದ್ದೆಲ್ಲ ಆಗ ಕೈತಪ್ಪುತ್ತದೆ. ಹೊಸಬನನ್ನು ಮೊದಲ ಕೆಲವು ದಿನ ರಾಡ್ ಹತ್ತಿರ ಬಿಡಬೇಡಿ, ಹಳಬನೊಬ್ಬನ ಜೊತೆ ಹಾಕಿ. ಲಾರಿಯ ವಿಮೆ ಬೇರೆ, ಕೆಲಸಗಾರರ ಪರಿಹಾರ ವಿಮೆ ಬೇರೆ ಎಂಬುದು ಬಹಳ ಮಾಲೀಕರಿಗೆ ಅಪಘಾತವಾದ ಮೇಲೇ ತಿಳಿಯುತ್ತದೆ. ಹೊಸಬ ಲಾರಿ ಹತ್ತುವ ಮೊದಲೇ ಅವನು ಕೆಲಸಗಾರರ ವಿಮೆಗೆ ಒಳಪಟ್ಟಿದ್ದಾನೆಯೇ ಎಂದು ವಿಮೆಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ, ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರ್ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದುಕೊಳ್ಳಿ.